ಬೋಯಿನ್‌ಪಲ್ಲಿಯಲ್ಲಿ ಇಳಿದವಳು

ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವ ಒಂದು ನಗೆಯ ಕಥೆ ಇದೆ. ಅಕ್ಕ ಹೈದರಾಬಾದಿನ ಸಿಟಿ ಬಸ್ಸಿನಲ್ಲಿ ತಪ್ಪಿ ಇಳಿದ ಕಥೆ. ಸಿಕಂದರಾಬಾದಿನಲ್ಲಿ ಇಳಿಯಬೇಕಾದವಳು ಬೋಯಿನ್‌ಪಲ್ಲಿಯಲ್ಲೇ ಇಳಿದುಬಿಟ್ಟಳು. ಯಾಕೆಂದರೆ ನನ್ನ ಹಾಗೇ ನೀಲಿ ಅಂಗಿ ತೊಟ್ಟವನೊಬ್ಬ ಅಲ್ಲಿ ಇಳಿದ, ಇವಳು ಅವನೇ ತನ್ನ ತಮ್ಮ ಅಂದುಕೊಂಡು ಬೆನ್ನು ಹತ್ತಿದಳು. ಆ ಪುಣ್ಯಾತ್ಮ ಇನ್ನೊಂದು ಬಸ್ಸು ಹತ್ತಿದ, ಇವಳೂ ಹತ್ತಿದಳು. ಊರ ಹೊರಗಿನ ಮೇಡ್ಚಲ್ ಬಂದಾಗ ಅವನು ತಿರುಗಿ ನೋಡಿ, "ಯಾರಮ್ಮಾ ನೀನು?" ಅಂದ. ಕಥೆ ಇಲ್ಲಿಗೆ ಬರುವಷ್ಟರಲ್ಲಿ ಕೇಳುವವರು ಹೊಟ್ಟೆ ಹಿಡಿದುಕೊಂಡಿರುತ್ತಾರೆ. ಅಕ್ಕನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾಳೆ.

ಈ ಕಥೆ ಹೇಳುವವನು ನಾನು. ಕಟ್ಟಿದವನೂ ನಾನೇ. ನೀಲಿ ಅಂಗಿಯವನು ಇರಲೇ ಇಲ್ಲ. ಎರಡು ವರ್ಷ ಈ ಸುಳ್ಳನ್ನು ಉಪ್ಪು ಖಾರ ಹಚ್ಚಿ ಹಚ್ಚಿ ಬಡಿಸಿದ್ದೇನೆ, ಥೂ ನನ್ನ ಬಾಳಿಗೆ. ನಿಜವಾಗಿ ಆದದ್ದೇನು ಅಂತ ಈಗ ಬರೆಯುತ್ತಿದ್ದೇನೆ.

ನಮ್ಮದು ಯಾದಗಿರಿ ಕಡೆಯ ಹಳ್ಳಿ. ಅವ್ವ ಮೊದಲೇ ಹೋಗಿದ್ದಳು, ಅಪ್ಪ ತೀರಿಕೊಂಡಾಗ ನನಗೆ ಎಂಟು ವರ್ಷ. ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೊರಟಾಗ ನನ್ನನ್ನೂ ಗಂಟುಮೂಟೆಯ ಜೊತೆ ಬಸ್ಸಿಗೆ ಹತ್ತಿಸಿಕೊಂಡರು. "ಹೊಸದಾಗಿ ಸಂಸಾರ ಹೂಡಾಕಿ, ತಮ್ಮನ್ನ ಯಾಕ ಕಟಗೊಂಡು ಹೊಂಟಿ?" ಅಂತ ಊರ ಹೆಂಗಸರು ಕೇಳಿದರಂತೆ. "ಅಂವ ನಾ ಹಡೀಲಾರದ ಬಂದ ಮಗ" ಅಂದು ಅವರ ಬಾಯಿ ಮುಚ್ಚಿಸಿದಳಂತೆ ಅಕ್ಕ.

ಜೀಡಿಮೆಟ್ಲಾದ ಕಾರ್ಖಾನೆಗಳ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿ ನಾನು ಬೆಳೆದೆ. ಅಕ್ಕ ಸಿಮೆಂಟಿನ ಬುಟ್ಟಿ ಹೊತ್ತು ನಾಲ್ಕನೇ ಅಂತಸ್ತು ಹತ್ತಿ ಇಳಿಯುತ್ತಿದ್ದಳು, ಭಾವ ಗೋಡೆಗೆ ಗಿಲಾವು ಮಾಡುತ್ತಿದ್ದರು, ನಾನು ಓದುತ್ತಿದ್ದೆ. ಓದುವುದೊಂದೇ ನನ್ನ ಕೆಲಸ. ನೀರು ತರಲು ಎದ್ದರೂ ಅಕ್ಕ ಗದರುತ್ತಿದ್ದಳು. "ಬುಕ್ಕ ಹಿಡದ ಕೈಲೆ ಕೊಡ ಹಿಡೀಬ್ಯಾಡ" ಅನ್ನುವಳು. ಡಿಗ್ರಿಗೆ ನಾರಾಯಣಗೂಡದ ಕಾಲೇಜು ಸೇರಿದೆ. ಮೂರು ವರ್ಷ ದಿನಾ ಎರಡು ಬಸ್ಸು ಹೋಗಲು, ಎರಡು ಬಸ್ಸು ಬರಲು.

ನಾನು ತೆಲುಗನ್ನು ಸರಿಯಾಗಿ ಕಲಿತದ್ದು ಆ ಬಸ್ಸುಗಳಲ್ಲೇ. ಫುಟ್‌ಬೋರ್ಡಿಗೆ ಜೋತುಬಿದ್ದು, ಒಂದು ಕಾಲು ಒಳಗೆ ಒಂದು ಕಾಲು ಗಾಳಿಯಲ್ಲಿ ಇಟ್ಟುಕೊಂಡು, ಕಂಡಕ್ಟರ್ ಏನು ಬೈದರೂ ಅದನ್ನೇ ಮನಸ್ಸಿನಲ್ಲಿ ಮರುಹೇಳಿಕೊಳ್ಳುತ್ತಿದ್ದೆ. ಜಾಗ ಕೇಳುವುದನ್ನು ತೆಲುಗಿನಲ್ಲಿ ಕಲಿತೆ, ಜಗಳ ಆಡುವುದನ್ನು ಹಿಂದಿಯಲ್ಲಿ ಕಲಿತೆ. ಮೂರು ವರ್ಷ ಮುಗಿಯುವ ಹೊತ್ತಿಗೆ ನನ್ನ ಮಾತು ಕೇಳಿ ಯಾರೂ ಯಾದಗಿರಿಯವನು ಅನ್ನುತ್ತಿರಲಿಲ್ಲ. ನನಗೆ ಅದು ದೊಡ್ಡ ಗೆಲುವು ಅನ್ನಿಸಿತ್ತು.

ಆಮೇಲೆ ಜೀಡಿಮೆಟ್ಲಾದಲ್ಲೇ ಒಂದು ಔಷಧದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಸೇರಿದ ಮೊದಲ ದಿನ ಊರು ಯಾವುದು ಅಂತ ಕೇಳಿದರು. "ತಾಂಡೂರು" ಅಂದೆ. ತಾಂಡೂರು ಗಡಿಯ ಈಚೆಗಿರುವ ತೆಲಂಗಾಣದ ಊರು. ಮಾತಿನಲ್ಲಿ ಎಲ್ಲಾದರೂ ಕನ್ನಡ ಇಣುಕಿದರೂ ಗಡಿಯವನು ಅಂತ ಬಿಟ್ಟುಬಿಡುತ್ತಾರೆ. ಬುದ್ಧಿವಂತ ನಾನು! ಯಾಕೆ ಈ ಸುಳ್ಳು ಅಂದರೆ, ನಮ್ಮ ಕಾರ್ಖಾನೆಯಲ್ಲಿ ಡ್ರಮ್ಮು ಹೊರುವವರು, ನೆಲ ತೊಳೆಯುವವರು, ಲಾರಿ ಖಾಲಿ ಮಾಡುವವರು ಎಲ್ಲ ನಮ್ಮ ಕಡೆಯವರು. 'ಯಾದಗಿರಿ ಬ್ಯಾಚು' ಅಂತ ಅವರಿಗೆ ಹೆಸರು. ಬಿಳಿ ಕೋಟು ಹಾಕಿಕೊಂಡು ಅವರ ಮಧ್ಯೆ ನಡೆಯುವಾಗ ಅವರು ನನ್ನ ಎದುರಿಗೇ ಕನ್ನಡದಲ್ಲಿ, "ನೋಡಲೇ, ಈ ಸುಡುಗಾಡ ಸಾಹೇಬ ಹ್ಯಾಂಗ ಸೆಟದ ನಡೀತಾನ" ಅಂದು ನಗುವರು. ನಾನು ಅರ್ಥವಾಗದವನ ಹಾಗೆ ಮುಂದೆ ಹೋಗುವೆ. ಮನೆಗೆ ಬಂದು ಮೊಬೈಲಿನಲ್ಲಿ ಕನ್ನಡ ಕಥೆಗಳನ್ನು ಓದುವೆ, ಅದೂ ಕದ್ದು. ಹೀಗೆ ಹನ್ನೊಂದು ವರ್ಷ ಕಳೆದೆ. ಅಷ್ಟರಲ್ಲಿ ಸುಚಿತ್ರಾ ಸರ್ಕಲ್ ಹತ್ತಿರ ಬೇರೆ ಮನೆ ಮಾಡಿದ್ದೆ. ಅಕ್ಕನ ಶೆಡ್ಡು ಎರಡು ಕೋಣೆಯ ಬಾಡಿಗೆ ಮನೆಯಾಗಿತ್ತು. ಅವಳು ಮಾತ್ರ ಇನ್ನೂ ಬುಟ್ಟಿ ಹೊರುತ್ತಿದ್ದಳು.

ಅಕ್ಕನಿಗೆ ಒಬ್ಬಳೇ ಮಗಳು. ಇಲ್ಲೇ ಹುಟ್ಟಿ ತೆಲುಗು ಶಾಲೆಯಲ್ಲಿ ಓದಿದವಳು. ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಮುಗಿಸಿ ನರ್ಸಿಂಗ್‌ಗೆ ಅರ್ಜಿ ಹಾಕಿದ್ದಳು. ಮೊದಲ ಪಟ್ಟಿಯಲ್ಲಿ ಬರಲಿಲ್ಲ, ಎರಡನೆಯದರಲ್ಲೂ ಬರಲಿಲ್ಲ. ಕೊನೆಯ ಪಟ್ಟಿಯಲ್ಲಿ ನಾರಾಯಣಗೂಡದ ಒಂದು ನರ್ಸಿಂಗ್ ಶಾಲೆಯಲ್ಲಿ ಸೀಟು ಬಂತು. ಇಂಥ ದಿನ ಮಧ್ಯಾಹ್ನ ಹನ್ನೆರಡರೊಳಗೆ ತಂದೆ ಅಥವಾ ತಾಯಿಯ ಜೊತೆ ಬಂದು, ಅವರ ಸಹಿ ಮಾಡಿಸಿ ಸೇರಬೇಕು; ಇಲ್ಲದಿದ್ದರೆ ಸೀಟು ಕಾಯುತ್ತಿರುವ ಮುಂದಿನವರಿಗೆ. ಭಾವ ಆಗ ಶಂಶಾಬಾದಿನ ಕಡೆ ಹೊಸ ಮನೆಗಳ ಕೆಲಸದಲ್ಲಿದ್ದರು, ಹದಿನೈದು ದಿನಕ್ಕೊಮ್ಮೆ ಬರುವರು. ಹಾಗಾಗಿ ಅಕ್ಕನೇ ಹೋಗಬೇಕಾಯಿತು.

ಅಕ್ಕ ಅಲ್ಲಿಯವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದವಳು. "ನರ್ಸಮ್ಮನ ತಾಯಿ ಹೆಬ್ಬಟ್ಟ ಒತ್ತಿದ್ರ ಚೆಂದ ಕಾಣೂದಿಲ್ಲ" ಅಂದು ಮಗಳ ನೋಟ್‌ಬುಕ್ಕಿನಲ್ಲಿ ಒಂದು ವಾರ ಸಹಿ ಕಲಿತಳು. ಕಲಿಸಿದವಳು ಮಗಳು, ಅವಳಿಗೆ ಬರುವುದು ತೆಲುಗು ಅಕ್ಷರ. ಹಾಗಾಗಿ ಅಕ್ಕನ ಸಹಿ ತೆಲುಗಿನಲ್ಲಿ. ಹಿಂದಿನ ದಿನ ನಾನು ಹೋದಾಗ ನನಗೂ ಮಾಡಿ ತೋರಿಸಿದಳು. ನಾಲ್ಕು ಅಕ್ಷರಕ್ಕೆ ನಾಲ್ಕು ನಿಮಿಷ ತೆಗೆದುಕೊಂಡಳು. ಕೊನೆಯಲ್ಲಿ ಒಂದು ಗೆರೆಯನ್ನೂ ಎಳೆದಳು. "ಹ್ಯಾಂಗೈತೋ ತಮ್ಮಾ?" ಅಂದಳು. ಭಾಳ ಚೆಂದ ಐತಿ ಅಂದೆ. ಮನೆಯೊಳಗೆ ನನಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

ಸರದಿಯಲ್ಲಿ ಮುಂದೆ ಇರಬೇಕು ಅಂತ ಮಗಳು ಆ ದಿನ ಬೆಳಿಗ್ಗೆ ಆರಕ್ಕೇ ಹೊರಟಳು. ಮನೆಯಲ್ಲಿದ್ದ ಒಂದೇ ಫೋನು ಅವಳ ಹತ್ತಿರ ಇತ್ತು. ಅಕ್ಕನನ್ನು ಕರೆತರುವ ಕೆಲಸ ನನ್ನದು. ಮೂರು ವರ್ಷ ಅದೇ ದಾರಿಯಲ್ಲಿ ಓಡಾಡಿದವನು ನಾನಲ್ಲವೇ? ಅರ್ಧ ದಿನ ರಜೆ ಹಾಕಿದೆ. ಬ್ಯಾಂಕಿನ ಕೆಲಸ ಅಂತ ಹೇಳಿದ್ದೆ.

ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿ ಆಗ ಕೆಲವು ತಿಂಗಳಾಗಿತ್ತು. ತೆಲಂಗಾಣದ ವಿಳಾಸದ ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರ್ 'ಜೀರೋ ಟಿಕೆಟ್' ಹರಿದು ಕೊಡುತ್ತಾರೆ. ಅಕ್ಕ ದಿನಾ ಮೇಸ್ತ್ರಿಯ ಟೆಂಪೋದಲ್ಲಿ ಕೆಲಸಕ್ಕೆ ಹೋಗುವವಳು, ಸಿಟಿ ಬಸ್ಸು ಹತ್ತಿದ್ದೇ ಅಪರೂಪ. ಆದರೆ ಯುಗಾದಿಗೆ ಊರಿಗೆ ಹೋದಾಗ ಇದೇ ಕಾರ್ಡು ತೋರಿಸಿ ಅಲ್ಲಿನ ಬಸ್ಸಿನಲ್ಲಿ ಕಲಬುರ್ಗಿಯವರೆಗೂ ಪುಕ್ಕಟೆ ತಿರುಗಾಡಿ ಬಂದಿದ್ದಳು. ಇಲ್ಲೂ ಪುಕ್ಕಟೆ ಅಂತ ಕೇಳಿ, ಎಲ್ಲ ಒಂದೇ ಸರಕಾರದ ಕೆಲಸ ಅಂದುಕೊಂಡಿದ್ದಳು. ಅವಳ ಕಾರ್ಡಿನಲ್ಲಿ ಇನ್ನೂ ಊರಿನ ವಿಳಾಸವೇ ಇತ್ತು. ಬದಲಿಸಿದರೆ ಊರಿನ ರೇಷನ್ ನಿಲ್ಲುತ್ತದೆ ಅಂತ ಬದಲಿಸಿರಲಿಲ್ಲ. ನಮ್ಮ ಜನ ಎಷ್ಟೋ ಮಂದಿ ಹೀಗೇ ಕಾಲು ಇಲ್ಲಿ, ಕಾರ್ಡು ಅಲ್ಲಿ. ಬಸ್ಸು ಹತ್ತುವ ಮೊದಲು ನಾನು ಒಂದು ಮಾತು ಹೇಳಬಹುದಿತ್ತು. ಹೊಳೆಯಲಿಲ್ಲ. ಹೊಸ ಹಸಿರು ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಸಿಮೆಂಟಿಗೆ ಒಡೆದ ಹಿಮ್ಮಡಿಗೆ ಮುಲಾಮು ಸವರಿಕೊಂಡು ಬಂದಿದ್ದ ಅವಳ ಜೊತೆ ಸ್ಟಾಪಿನಲ್ಲಿ ನಿಲ್ಲುವಾಗ, ನಮ್ಮ ಕಾರ್ಖಾನೆಯವರು ಯಾರಾದರೂ ಇದ್ದಾರಾ ಅಂತ ನೋಡುವುದರಲ್ಲೇ ನಾನು ಮುಳುಗಿದ್ದೆ.

ಇಲ್ಲಿನ ಸಿಟಿ ಬಸ್ಸು ಹತ್ತಿದವರಿಗೆ ಗೊತ್ತು, ಮುಂದಿನ ಬಾಗಿಲು ಹೆಂಗಸರದು, ಹಿಂದಿನದು ಗಂಡಸರದು. ಗಂಡ ಹೆಂಡತಿ, ತಾಯಿ ಮಗ ಒಟ್ಟಿಗೇ ಬಂದರೂ ಬಸ್ಸು ಬಂದ ಕೂಡಲೇ ಅವರು ಒಂದು ಕಡೆ, ಇವರು ಒಂದು ಕಡೆ. ನಡುವೆ ಜನದ ಗೋಡೆ. ಇಳಿಯುವ ಸ್ಟಾಪು ಬಂದಾಗ ಹಿಂದಿನಿಂದ ಗಂಡಸು ಕೂಗುತ್ತಾನೆ, ಮುಂದಿನಿಂದ ಹೆಂಗಸು ಏಳುತ್ತಾಳೆ. ಇದೇ ಪದ್ಧತಿ. "ಸಿಕಂದರಾಬಾದ್ ಬಂದಾಗ ನಾ ಕೂಗ್ತೀನಿ, ಅಲ್ಲಿಗಂಟ ಏಳಬ್ಯಾಡ" ಅಂತ ಅಕ್ಕನಿಗೆ ಹೇಳಿ, ಅವಳನ್ನು ಮುಂದೆ ಹತ್ತಿಸಿ, ನಾನು ಹಿಂದೆ ಹತ್ತಿದೆ.

ಒಳಗೆ ಹೋದರೆ ನಮ್ಮ ಪ್ರಯೋಗಾಲಯದ ಇಬ್ಬರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟವರು, ಕಂಬ ಹಿಡಿದು ನಿಂತಿದ್ದಾರೆ! ಒಬ್ಬ ನನಗಿಂತ ಹಿರಿಯ, ಇನ್ನೊಬ್ಬ ನನ್ನ ಕೈಕೆಳಗಿನವನು. ಇಬ್ಬರೂ ಸಿಕಂದರಾಬಾದಿಗಿಂತ ಮೊದಲು ಬರುವ ಪ್ಯಾರಡೈಸ್ ಸ್ಟಾಪಿನಲ್ಲಿ ಇಳಿಯುವವರು. ಎಲ್ಲಿಗೆ ಅಂತ ಕೇಳಿದರು. ಸಿಕಂದರಾಬಾದ್, ಬ್ಯಾಂಕಿಗೆ ಅಂದೆ. ಒಬ್ಬನೇ ಹೊರಟವನ ಹಾಗೆ ನಿಂತುಕೊಂಡೆ. ಬಾಲಾನಗರ ದಾಟುವವರೆಗೂ ಏನೂ ಆಗಲಿಲ್ಲ. ದೇವರು ದೊಡ್ಡವನು ಅಂದುಕೊಂಡೆ.

ಅಷ್ಟರಲ್ಲಿ ಹೆಂಗಸರ ಟಿಕೆಟು ಕೊಡುತ್ತ ಕೊಡುತ್ತ ಕಂಡಕ್ಟರಮ್ಮ ಅಕ್ಕನ ಹತ್ತಿರ ಬಂದರು. ಅಕ್ಕ ಚೀಲದಿಂದ ಕಾರ್ಡು ತೆಗೆದು ದೊಡ್ಡಸ್ತಿಕೆಯಿಂದ ಕೈಗೆ ಕೊಟ್ಟಳು. ಕಂಡಕ್ಟರಮ್ಮ ಅದನ್ನು ತಿರುಗಿಸಿ ನೋಡಿ, "ಇದಿ ಕರ್ಣಾಟಕ ಕಾರ್ಡಮ್ಮಾ, ಇಕ್ಕಡ ನಡ್ವದು. ಟಿಕೆಟ್ ತೀಸ್ಕೋ" ಅಂದರು. ಇದು ಇಲ್ಲಿ ನಡೆಯದು, ಟಿಕೆಟು ತೆಗೆದುಕೋ ಅಂತ. ಅವರದೇನೂ ತಪ್ಪಿಲ್ಲ, ನಿಯಮ ಹೇಳಿದರು.

ಅಕ್ಕ ಸುಮ್ಮನಿರುವ ಪೈಕಿ ಅಲ್ಲ. ಗಿಲಾವಿನ ಗದ್ದಲದಲ್ಲಿ ನಾಲ್ಕನೇ ಅಂತಸ್ತಿನಿಂದ ಕೆಳಗೆ ಕೂಗಿ ರೂಢಿಯಾದ ಗಂಟಲು. "ಯಾಕ ನಡ್ಯಾಂಗಿಲ್ಲ? ಇದ ಕಾರ್ಡಿಗೆ ನನ್ನ ಕಲಬುರ್ಗಿ ತನಕ ಬಿಟ್ಟಾರ. ನಿಮಗೇನಾಗೈತ್ರಿ ದಾಡಿ?" ಅಂದಳು. ಬಸ್ಸಿಗೆ ಬಸ್ಸೇ ಆ ಕಡೆ ತಿರುಗಿತು. ಯಾರೋ ಕಿಸಕ್ಕೆಂದರು. ಕಂಡಕ್ಟರಮ್ಮ ತೆಲುಗಿನಲ್ಲಿ ಇನ್ನೂ ಜೋರಾಗಿ ಹೇಳಿದರು, ಅಕ್ಕ ಕನ್ನಡದಲ್ಲಿ ಅದಕ್ಕಿಂತ ಜೋರಾಗಿ ಹೇಳಿದಳು. ಇಷ್ಟು ವರ್ಷ ನಮ್ಮ ಕಡೆಯವರ ಜೊತೆಗೇ ದುಡಿದ ಅಕ್ಕನಿಗೆ ತೆಲುಗು ಅಷ್ಟಕ್ಕಷ್ಟೇ; ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿಲ್ಲ. ಆಗ ಅಕ್ಕ ಸೀಟಿನಿಂದ ಎದ್ದು, ಹಿಂದೆ ತಿರುಗಿ, ಜನದ ತಲೆಗಳ ಮೇಲಿಂದ ನನ್ನನ್ನು ಹುಡುಕಿ ಕರೆದಳು.

"ಏ ತಮ್ಮಾ! ಬಾರೋ ಇಲ್ಲಿ! ಈಕಿಗೆ ಸ್ವಲ್ಪ ತಿಳಿಸಿ ಹೇಳು!"

ನಮ್ಮಿಬ್ಬರ ನಡುವೆ ಹತ್ತು ಹೆಜ್ಜೆ ಇತ್ತೋ ಇಲ್ಲವೋ. ಅವಳ ಕಣ್ಣು ನೇರವಾಗಿ ನನ್ನ ಕಣ್ಣಿಗೆ ಬಿತ್ತು. ನಾನು "ಬಂದೆ ಅಕ್ಕಾ" ಅನ್ನಬೇಕಿತ್ತು, ಅಷ್ಟೇ. ಎರಡು ಮಾತು.

ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ಮೊಣಕೈಯಿಂದ ತಿವಿದು, "ಎವರ್ನಿ ಪಿಲುಸ್ತುಂದಿ?" ಅಂದರು, ಯಾರನ್ನು ಕರೆಯುತ್ತಿದ್ದಾಳೆ ಅಂತ. "ಏಮೋ, ತೆಲ್ವದು" ಅಂದೆ. ಗೊತ್ತಿಲ್ಲ ಅಂದೆ. ನನ್ನನ್ನು ಸಾಕಿದವಳನ್ನು ಗೊತ್ತಿಲ್ಲ ಅಂದೆ. ಇನ್ನೊಬ್ಬ, "ಇದು ನಮ್ಮ ಯಾದಗಿರಿ ಬ್ಯಾಚು ಸಾರ್, ಬಸ್ಸಿಗೂ ಬಂತು" ಅಂದು ನಕ್ಕ. ಹಿರಿಯರೂ ನಕ್ಕರು. ನಾನೂ ನಕ್ಕೆ. ಯಾರೂ ನನ್ನನ್ನು ನಗು ಅಂತ ಒತ್ತಾಯ ಮಾಡಿರಲಿಲ್ಲ.

ಅಕ್ಕ ಮತ್ತೆ ಕರೆಯಲಿಲ್ಲ. ಕಂಡಕ್ಟರಮ್ಮನ ಕೈಯಿಂದ ಕಾರ್ಡು ವಾಪಸು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು. ಬಸ್ಸು ಬೋಯಿನ್‌ಪಲ್ಲಿಯಲ್ಲಿ ನಿಂತಿತು. ನಾಲ್ಕೈದು ಹೆಂಗಸರು ಇಳಿದರು, ಅವರ ಮಧ್ಯೆ ಹಸಿರು ಸೀರೆಯೂ ಇಳಿಯಿತು. ನಾನು ಕಿಟಕಿಯಿಂದ ನೋಡಿದೆ. "ಅಕ್ಕಾ, ಇಲ್ಲಲ್ಲ!" ಅನ್ನಲು ಬಾಯಿ ತೆರೆದದ್ದು ನಿಜ. ಮತ್ತೆ ಮುಚ್ಚಿಕೊಂಡೆ. ಬಸ್ಸು ಹೊರಟಿತು.

ಮುಂದಿನ ಸ್ಟಾಪಿನಲ್ಲಿ ಇಳಿದು ಓಡೋಣ ಅಂದುಕೊಂಡೆ. ಆದರೆ ಸಿಕಂದರಾಬಾದಿಗೆ ಅಂತ ಹೇಳಿದವನು ಮಧ್ಯದಲ್ಲೇ ಇಳಿದರೆ ಯಾಕೆ ಅಂತ ಕೇಳುತ್ತಾರಲ್ಲ! ಏನು ಹೇಳಲಿ? ಹಿರಿಯರು ಹೊಸ ಯಂತ್ರದ ವಿಷಯ ಮಾತಾಡುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಒಂದು ಸ್ಟಾಪು ಹೋಯಿತು. ಇನ್ನೊಂದು ಹೋಯಿತು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತ, ಅವರಿಬ್ಬರೂ ಪ್ಯಾರಡೈಸ್‌ನಲ್ಲಿ ಇಳಿದು ಕೈ ಬೀಸುವವರೆಗೂ ನಾನು ಆ ಬಸ್ಸಿನಲ್ಲೇ ಇದ್ದೆ. ಅವರು ಕಣ್ಣಿಗೆ ಮರೆಯಾದ ಮೇಲೆ ಇಳಿದು, ಆಟೋ ಹಿಡಿದು ಬೋಯಿನ್‌ಪಲ್ಲಿಗೆ ವಾಪಸು ಹೋದೆ. ಅಕ್ಕ ಅಲ್ಲಿರಲಿಲ್ಲ. ಹಣ್ಣಿನ ಗಾಡಿಯವನನ್ನು ಕೇಳಿದೆ, ಕಾಯುತ್ತಿದ್ದ ಹೆಂಗಸರನ್ನು ಕೇಳಿದೆ. ಹಸಿರು ಸೀರೆಯವಳು ಯಾವುದೋ ಬಸ್ಸು ಹತ್ತಿದಳು ಅಂದರು.

ಸಿಕಂದರಾಬಾದಿನಲ್ಲಿ ಹುಡುಕಿದೆ. ನಾರಾಯಣಗೂಡಕ್ಕೆ ಹೋಗುವ ಬಸ್ಸುಗಳು ನಿಲ್ಲುವ ಜಾಗದಲ್ಲಿ ಮುಂದಿನ ಬಾಗಿಲಿನಿಂದ ಹತ್ತುವ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡಿದೆ. ಹನ್ನೊಂದು ಗಂಟೆಗೆ ನರ್ಸಿಂಗ್ ಶಾಲೆ ತಲುಪಿದಾಗ ಅಕ್ಕನ ಮಗಳು ಗೇಟಿನಲ್ಲೇ ನಿಂತಿದ್ದಳು. ನನ್ನ ಹಿಂದೆ ನೋಡಿದಳು, ಪಕ್ಕದಲ್ಲಿ ನೋಡಿದಳು. "ಮಾಮಾ, ಅವ್ವ ಎಲ್ಲಿ?" ಅಂದಳು.

"ಎಲ್ಲೋ ತಪ್ಪಿ ಇಳದಾಳ" ಅಂದೆ. ಹುಟ್ಟಿತು ನೋಡಿ, ನಗೆಯ ಕಥೆ ಆ ಗೇಟಿನಲ್ಲಿ ಹುಟ್ಟಿತು.

ನಾನು ಸಹಿ ಮಾಡುತ್ತೇನೆ, ಸೋದರಮಾವ, ಅಂತ ಒಳಗೆ ಹೋಗಿ ಕೈ ಮುಗಿದೆ. ತಂದೆ ತಾಯಿ ಬಿಟ್ಟು ಬೇರೆಯವರು ಆಗುವುದಿಲ್ಲ ಅಂದರು. ಅಲ್ಲಿ ಮಾತ್ರ ಎಷ್ಟು ಗಟ್ಟಿಯಾಗಿ ಸೋದರಮಾವ ಆಗಿದ್ದೆ ನಾನು! ಭಾವನಿಗೆ ಫೋನು ಮಾಡಿದೆವು. ಅವರು ಕೆಲಸ ಬಿಟ್ಟು ಓಡಿಬಂದರೂ ಶಂಶಾಬಾದಿನಿಂದ ಹನ್ನೆರಡರೊಳಗೆ ಮುಟ್ಟುವ ಹಾಗಿರಲಿಲ್ಲ. ಹನ್ನೆರಡು ದಾಟಿತು. ಹನ್ನೆರಡೂಕಾಲಿಗೆ ಪಟ್ಟಿಯಲ್ಲಿ ಮುಂದಿನ ಹುಡುಗಿಯನ್ನು ಕರೆದರು. ಆ ಹುಡುಗಿ ಅಪ್ಪನ ಕೈ ಹಿಡಿದು ಹೆಚ್ಚುಕಡಿಮೆ ಓಡುತ್ತಲೇ ಒಳಗೆ ಹೋದಳು.

ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಅಕ್ಕ ಬಂದಳು. ಬೋಯಿನ್‌ಪಲ್ಲಿಯಲ್ಲಿ ಯಾರೋ ಕೈ ತೋರಿಸಿದ ಬಸ್ಸು ಹತ್ತಿದ್ದಳು. ಅದು ಊರ ಹೊರಗೆ, ಮೇಡ್ಚಲ್ ಕಡೆಗೆ ಹೋಗಿತ್ತು. ಅಲ್ಲಿಂದ ಕೇಳಿಕೊಂಡು ಕೇಳಿಕೊಂಡು ಮೂರು ಬಸ್ಸು ಬದಲಿಸಿ ಬಂದಿದ್ದಳು. ಎಲ್ಲದಕ್ಕೂ ಟಿಕೆಟು ತೆಗೆದುಕೊಂಡಿದ್ದಳು. ಬೆವರಿಗೆ ಕುಂಕುಮ ಮೂಗಿನವರೆಗೆ ಇಳಿದಿತ್ತು. "ಎಲ್ಲಿ ಸಹಿ ಮಾಡಬೇಕವ್ವಾ?" ಅಂತ ಕೇಳಿದಳು ಮಗಳನ್ನು. ಮಗಳು ಗೇಟಿನ ಕಂಬಕ್ಕೆ ಮುಖ ಒತ್ತಿಕೊಂಡು ಅತ್ತಳು.

"ನನ್ನ ತಪ್ಪ ಬಿಡವ್ವಾ, ನಾನ ಹುಚ್ಚಿ, ತಪ್ಪಿ ಇಳದಬಿಟ್ಟೆ" ಅಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ. ನನ್ನ ಸುಳ್ಳನ್ನು ಅವಳು ಕೇಳಿರಲಿಲ್ಲ, ಆದರೂ ಅದೇ ಮಾತು ಅವಳ ಬಾಯಿಂದಲೂ ಬಂತು. ಸದ್ಯ, ಅವಳಿಗೆ ಏನೂ ಗೊತ್ತಾಗಿಲ್ಲ ಅಂದುಕೊಂಡೆ. ಗಲಾಟೆಯಲ್ಲಿ ನಾನು ಅವಳ ಕಣ್ಣಿಗೆ ಬಿದ್ದೇ ಇಲ್ಲ, ನನ್ನನ್ನು ಕಾಣದೆ ಗಾಬರಿಯಾಗಿ ಇಳಿದಿದ್ದಾಳೆ ಅಂತ ನನಗೆ ನಾನೇ ಹೇಳಿಕೊಂಡೆ. ಎರಡು ದಿನದಲ್ಲಿ ಅದನ್ನು ನಂಬಿಯೂ ಬಿಟ್ಟೆ.

ಹುಡುಗಿ ಆ ವರ್ಷ ಎಲ್ಲೂ ಸೇರಲಿಲ್ಲ. ಮುಂದಿನ ವರ್ಷ ಸೀಟು ಬರಲಿಲ್ಲ. ಒಂದು ಕಾರ್ಖಾನೆಯಲ್ಲಿ ಮಾತ್ರೆಯ ಪಟ್ಟಿಗಳನ್ನು ಡಬ್ಬಿಗೆ ತುಂಬುವ ಕೆಲಸಕ್ಕೆ ಹೋದಳು. ಮನೆಯಲ್ಲಿ ಒಂದು ಥರದ ಮೌನ ಕೂತಿತ್ತು. ಅದನ್ನು ಓಡಿಸಲೆಂದೇ ಒಂದು ಹಬ್ಬದ ಊಟದಲ್ಲಿ ನಾನು ಮೊದಲ ಸಲ ಆ ಕಥೆ ಹೇಳಿದೆ. ಭಾವ ನಕ್ಕರು. ಅಕ್ಕನೂ ನಕ್ಕಳು. ಅವರು ನಕ್ಕದ್ದು ನೋಡಿ ನನ್ನ ಎದೆ ಹಗುರವಾಯಿತು. ಆಮೇಲೆ ನೀಲಿ ಅಂಗಿಯವನು ಬಂದ. ಆಮೇಲೆ ಅವನು ಮೇಡ್ಚಲ್‌ಗೆ ಹೋದ. ಕಥೆ ಬೆಳೆದಷ್ಟೂ ನನಗೆ ಆ ಬಸ್ಸು ದೂರವಾಗುತ್ತಿತ್ತು. ಮಗಳೊಬ್ಬಳು ಮಾತ್ರ ಯಾವತ್ತೂ ನಗುತ್ತಿರಲಿಲ್ಲ. ಸೀಟು ಹೋದ ಸಿಟ್ಟು ಅವ್ವನ ಮೇಲೆ ಇನ್ನೂ ಇದೆ ಅಂದುಕೊಂಡೆ. ಇದ್ದದ್ದೂ ಹೌದು. "ಒಂದು ಸ್ಟಾಪು ಕಾಯಾಕ ಆಗಲಿಲ್ಲಲ್ಲ ನಿನಗ" ಅಂತ ಅವಳು ಒಮ್ಮೆ ಅಕ್ಕನಿಗೆ ಅಂದದ್ದನ್ನು ನಾನೇ ಕೇಳಿದ್ದೆ. ಅಕ್ಕ ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದಳು.

ಈ ವರ್ಷ ಹುಡುಗಿಗೆ ಗಂಡು ಗೊತ್ತಾಯಿತು. ನಮ್ಮ ಕಡೆಯವರೇ, ಹುಡುಗ ವಿಮಾನ ನಿಲ್ದಾಣದ ಕಡೆ ಟ್ಯಾಕ್ಸಿ ಓಡಿಸುತ್ತಾನೆ. ನಿಶ್ಚಯಕ್ಕೆ ಅಕ್ಕನ ಎರಡು ಕೋಣೆಯ ಮನೆಗೆ ಹನ್ನೆರಡು ಜನ ಬೀಗರು ಬಂದರು. ಊಟ ಮುಗಿದು ಎಲೆ ಅಡಿಕೆ ಹಾಕುತ್ತ ಕೂತಾಗ ಮಾತು ಬಸ್ಸಿನ ಕಡೆ ತಿರುಗಿತು. ಹುಡುಗನ ತಂದೆ, "ಎರಡು ಬಸ್ಸು ಬದಲಿಸಿ ಬರೋದ್ರಾಗ ಸಾಕಾಗಿ ಹೋತ್ರಿ" ಅಂದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! ಶುರುಮಾಡಿದೆ. ಅಭಿನಯ ಮಾಡಿ ಹೇಳಿದೆ, ಅಕ್ಕ ಸೆರಗು ಎತ್ತಿ ಹಿಡಿದು ನೀಲಿ ಅಂಗಿಯ ಹಿಂದೆ ಓಡುವುದನ್ನು ಎದ್ದು ನಿಂತು ತೋರಿಸಿದೆ. ಹುಡುಗನ ತಂದೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಬೀಗ್ತಿ ಭಾಳ ಶ್ಯಾಣ್ಯಾ ಅದಾರ ಬಿಡ್ರಿ" ಅಂದರು. ಮದುಮಗಳು ನೆಲ ನೋಡುತ್ತ ಕೂತಿದ್ದಳು.

"ತಮ್ಮಾ, ಸ್ವಲ್ಪ ಕೊಡ ಎತ್ತಿಕೊಡು ಬಾ" ಅಂತ ಅಕ್ಕ ಹಿಂದಿನಿಂದ ಕರೆದಳು. ಹೋದೆ. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ಕೊಡ ತುಂಬಿರಲಿಲ್ಲ.

"ಇನ್ನೊಂದು ಸಲ ಆ ಕಥಿ ನಕ್ಕೋತ ಹೇಳಬ್ಯಾಡ" ಅಂದಳು.

"ಸುಮ್ನ ಚ್ಯಾಷ್ಟಿ ಅಕ್ಕಾ. ನೀನೂ ನಗ್ತಿರ್ತಿ ಅಲ್ಲಾ?"

"ನಗಲಾರದ ಏನ ಮಾಡಲಿ? ಅಳಲೇನು ಎಲ್ಲರ ಮುಂದ? ಇಷ್ಟ ದಿನ ಮನ್ಯಾಗಿನ ಮಾತಿತ್ತು, ಸುಮ್ನಿದ್ದೆ. ಇವತ್ತ ಬೀಗರ ಮುಂದ ಕುಣದ ತೋರಿಸಿದಿ. ನಾಳೆ ನನ್ನ ಮಗಳು ಆ ಮನೀಗ ಹೋಗಾಕಿ, ಹುಚ್ಚಿ ಮಗಳು ಅನ್ನಿಸ್ಕೊಂಡು ಹೋಗಬೇಕೇನು?" ಅಂದಳು. ಮತ್ತೆ ಅಂದಳು, "ನಾ ತಪ್ಪಿ ಇಳದಿಲ್ಲೋ ತಮ್ಮಾ."

ನಾನು ಬಗ್ಗಿ ಆ ಕೊಡಕ್ಕೆ ಕೈ ಹಾಕಿದೆ.

"ನಾ ಕರದಾಗ ನೀ ನನ್ನ ನೋಡಿದಿ. ನೋಡಿ, ಬಾಜೂ ನಿಂತಾವರ ಜೋಡಿ ನಕ್ಕಿ. ಅವರು ನಿನ್ನ ಆಫೀಸಿನಾವರು ಅಂತ ನನಗ ತಿಳೀತು. ನಾ ಇನ್ನೊಂದು ಸಲ ಬಾಯಿ ತಗದ್ರ ನಿನ್ನ ಮಾನ ಹೋಗ್ತೈತಿ ಅನ್ನಿಸ್ತು. ಅದಕ್ಕ ಇಳದೆ. ಹಿಂದಿನ ಬಸ್ಸಿಗೆ ಬಂದ್ರಾತು, ಮುಂದ ನಿಂತಿರ್ತಾನ ಅಂತ ತಿಳದಿದ್ದೆ. ಬಸ್ಸು ಉಲ್ಟಾ ಹೋತು. ಅದು ನನ್ನ ದೈವ."

"ಅಕ್ಕಾ... ಮತ್ತ ಯಾರಿಗೂ ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ನನ್ನ ತಮ್ಮಗ ನನ್ನ ಅಕ್ಕ ಅನ್ನಾಕ ನಾಚಿಕಿ ಬಂತು ಅಂತ ಹೇಳಲೇನು? ಅದಕ್ಕ ನಿನ್ನ ಸೀಟು ಹೋತವ್ವಾ ಅಂತ ಮಗಳಿಗೆ ಹೇಳಲೇನು? ಆಕಿಗೆ ಇರಾಂವ ನೀ ಒಬ್ಬ ಮಾಮಾ." ಅವಳು ಅಳುತ್ತಿರಲಿಲ್ಲ. ಸಿಟ್ಟಿನಲ್ಲಿದ್ದಳು. ಎರಡು ವರ್ಷ ಮಗಳ ಸಿಟ್ಟನ್ನು ನನ್ನ ಬದಲು ತಾನು ಹೊತ್ತವಳು, ನನ್ನ ಮೇಲೆ ಸಿಟ್ಟಾಗಲು ಅಷ್ಟು ದಿನ ತೆಗೆದುಕೊಂಡಿದ್ದಳು.

ಆಗಲೇ ಒಳಗೆ ಹೋಗಿ ಹುಡುಗಿಯ ಮುಂದೆ ಎಲ್ಲ ಹೇಳಿಬಿಡುತ್ತೇನೆ ಅಂತ ತಿರುಗಿದೆ. ಅಕ್ಕ ಮುಂಗೈ ಹಿಡಿದುಕೊಂಡಳು. ಬುಟ್ಟಿ ಹೊತ್ತ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ.

"ಎಲ್ಲಿ ಹೊಂಟಿ? ನಿನ್ನ ಹೊಟ್ಟ್ಯಾಗಿನ ಉರಿ ಆರಿಸ್ಕೊಳ್ಳಾಕ ಆಕಿ ಹೊಟ್ಟ್ಯಾಗ ಕೆಂಡ ಹಾಕಬ್ಯಾಡ. ಇವತ್ತ ಆಕಿ ನಿಶ್ಚಯ ಐತಿ. ಯಾರರ ಕೇಳಿದ್ರ ಅಕ್ಕ ತಪ್ಪಿ ಇಳದಳು ಅಂತನ ಹೇಳು. ನಗಬ್ಯಾಡ, ಅಷ್ಟ."

ಸಂಜೆ ಬೀಗರನ್ನು ಬಸ್‌ಸ್ಟಾಪಿನವರೆಗೆ ಬಿಡಲು ಎಲ್ಲರೂ ಹೋದೆವು. ಬಸ್ಸು ಬಂತು. ಅವರ ಹೆಂಗಸರು ಮುಂದೆ ಹತ್ತಿದರು, ಗಂಡಸರು ಹಿಂದೆ. ಹುಡುಗನ ತಂದೆ ಹಿಂದಿನ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಬೀಗ್ತೀ, ಮದುವಿಗೆ ಬರುವಾಗ ಸ್ಟಾಪ ನೋಡಿ ಇಳೀರಿ ಮತ್ತ!" ಅಂತ ಕೂಗಿದರು. ಸ್ಟಾಪಿನಲ್ಲಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು, "ಹೂಂ ರೀ, ನೋಡೇ ಇಳೀತೀನಿ" ಅಂದಳು. ನಾನು ನಗಲಿಲ್ಲ. ಅವಳು ಹೇಳಿದ್ದರಲ್ಲಿ ಅಷ್ಟನ್ನು ಮಾಡಿದೆ. ಅದಕ್ಕಿಂತ ಹೆಚ್ಚೇನನ್ನೂ ಇವತ್ತಿನವರೆಗೆ ಮಾಡಿಲ್ಲ.

ಕಾರ್ಖಾನೆಯಲ್ಲಿ ನಾನು ಇನ್ನೂ ತಾಂಡೂರಿನವನೇ. ಅಕ್ಕನ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅಕ್ಕನಿಗೆ ತನ್ನ ಸಹಿ ಬಿಟ್ಟು ಬೇರೇನೂ ಓದಲು ಬರುವುದಿಲ್ಲ, ಅದೂ ತೆಲುಗು. ಭಾವ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಇದನ್ನು ಕನ್ನಡದಲ್ಲಿ ಬರೆದರೆ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಆ ಧೈರ್ಯದ ಮೇಲೆಯೇ ಬರೆದಿದ್ದೇನೆ.